ನೇರಳೆಗೆ ಹತ್ತಿದ ದಿನ

ಒಂಬತ್ತು ಹೊಡೆಯುವ ಮುಂಚೆಯೇ ಬರುತ್ತಾಳೆ ನ್ಯುಂಗಜ್ಜಿ,
ಸೈಗಾನಿನ ಸ್ಕೂಟರುಗಳನ್ನೆಲ್ಲ ಒಂದು ಕೈ ಎತ್ತಿ ಸೀಳಿಕೊಂಡು
ರಸ್ತೆ ದಾಟಿ, ಐಸ್ ಕಾಫಿಯ ಲೋಟ ನನ್ನ ಕೌಂಟರಿನ ಮೇಲಿಟ್ಟು.
ಲೋಟದ ಬೆವರು ನನ್ನ ಕಾಗದಕ್ಕಿಳಿಯುತ್ತದೆ. ಅವಳಿಗದು ಲೆಕ್ಕಕ್ಕಿಲ್ಲ.

ನಮ್ಮಲ್ಲಿ ನ್ಯುಂಗ್ ಅಂದರೆ ಮಖಮಲ್ಲು.
ಮೂವತ್ತೊಂದು ವರ್ಷ ಬಟ್ಟೆ ಗಿರಣಿಯಲ್ಲಿ
ಥಾನುಗಳ ಮೇಲೆ ಬೆರಳಾಡಿಸಿ
ತಪ್ಪಿದ ಎಳೆ ಹುಡುಕಿದ ಕೈ.
ಈಗ ಅದೇ ಬೆರಳು
ಬೋರ್ಡಿನ ಅಂಕಿಗಳ ಮೇಲೆ, ಗಾಳಿಯಲ್ಲಿ.

"ಎರಡೇ ನೋಡು ಮಗಾ," ಅನ್ನುತ್ತಾಳೆ.
"ಹಾಸು: ಲಾಭ ಬೆಳೆದಿದೆಯೇ, ಮೂರು ತ್ರೈಮಾಸಿಕ, ಬಿಡದೆ?
ಹೊಕ್ಕು: ಬೆಲೆ ಓಡಿದೆಯೇ, ಓರಗೆಯವರನ್ನೆಲ್ಲ ಹಿಂದೆ ಹಾಕಿ?
ಒಂದಿದ್ದು ಒಂದಿಲ್ಲದಿದ್ದರೆ ಅದು ನೂಲು, ಬಟ್ಟೆಯಲ್ಲ.
ಕಳೆದ ತಿಂಗಳ ಓಟ ಮಾತ್ರ ಸೇರಿಸಬೇಡ.
ಈಗಷ್ಟೇ ಓಡಿಬಂದವನ ಮಾತು ನಂಬಬಾರದು,
ಏದುಸಿರು ಇಳಿಯಲಿ."

ಅಗ್ಗದ್ದು ತೋರಿಸಿದರೆ ನಗುತ್ತಾಳೆ:
"ಅಗ್ಗಕ್ಕೆ ಆಸೆಪಟ್ಟು ಮುಗ್ಗಿದ ಅಕ್ಕಿ ತಂದವಳು ನಾನು, ಒಂದು ಸಲ.
ಬಿದ್ದದ್ದು ಏಳುತ್ತದೆಂದು ಯಾರು ಹೇಳಿದರು ನಿನಗೆ?
ಬಿದ್ದದ್ದಕ್ಕೆ ಅಲ್ಲೇ ಮಲಗುವುದೂ ಗೊತ್ತು."
ಪಟ್ಟಿಯಿಂದ ಜಾರಿದ್ದನ್ನು ಅಂದೇ ಮಾರುತ್ತಾಳೆ,
ಸೀಗಡಿಯೋ, ಟೈರೋ, ಹಾಲಿನ ಪುಡಿಯೋ,
ಹೆಸರಿನ ಮೇಲೊಂದು ಗೆರೆ. ಶ್ರಾದ್ಧವಿಲ್ಲ.

ಎಡಿನ್‌ಬರೋದಿಂದ ಫಂಡಿನವನೊಬ್ಬ ಬಂದಿದ್ದ, ಬೆವರುತ್ತ.
ನಮ್ಮದು ಮೂಡುತ್ತಿರುವ ಮಾರುಕಟ್ಟೆ ಎಂದ. ನಾನು ಅವಳಿಗೆ ಹೇಳಿದೆ.
ಕಾಫಿ ಕಲಕಿದಳು:
"ಎಲ್ಲಿಂದ ಮೂಡುವುದು? ಅರವತ್ತೆಂಟು ವರ್ಷದಿಂದ
ಇಲ್ಲೇ ಇದ್ದೇನಲ್ಲ. ಇವನ ಕಣ್ಣಿಗೆ ಈಗ ಬಿದ್ದೆನೋ ಏನೋ."

ಅವನಿಗೆ ನಮ್ಮ ಬಣ್ಣಗಳೂ ತಿಳಿಯಲಿಲ್ಲ.
ಏರಿದರೆ ಹಸಿರು, ಇಳಿದರೆ ಕೆಂಪು, ನಿನ್ನೆಯ ಬೆಲೆ ಹಳದಿ.
ದಿನಕ್ಕಿಷ್ಟೇ ಏರಬೇಕೆಂದು ಕಟ್ಟಿದ ಸೂರಿಗೆ ತಲೆ ತಾಗಿದರೆ
ನೇರಳೆ.
ನೇರಳೆಯಾದ ಮೇಲೆ ಕೊಳ್ಳುವವರ ಸಾಲು ಬೆಳೆಯುತ್ತದೆ,
ಮಾರುವವನು ಬಾಯಿ ಬಿಡುವುದಿಲ್ಲ.

ಅಕ್ಟೋಬರಿನ ಆ ಮಂಗಳವಾರ
ಅವಳ ಚೌಕುಳಿ ಪುಸ್ತಕದಲ್ಲಿ ಎರಡೂ ಪಟ್ಟಿಯ ತಲೆಗೆ
ಒಂದೇ ಹೆಸರು ಬಂತು. ಮೂರಕ್ಷರ.
ಪೆನ್ನು ನಿಂತಿತು.

ಕಾಲುವೆ ಬದಿಯ ಓಣಿಯಲ್ಲಿ, ಅವಳ ಒಲೆ ಇದ್ದಲ್ಲಿ,
ಆ ಮೂರಕ್ಷರ ಇಪ್ಪತ್ತೆಂಟು ಮಹಡಿ ಮೇಲೆ
ರಾತ್ರಿಯಿಡೀ ಉರಿಯುತ್ತವೆ.
ಪರಿಹಾರದ ಹಣ ಒಂದು ಲಕೋಟೆಯಲ್ಲಿ ಹಿಡಿಸಿತ್ತು.
ಮೊದಲ ಸಲ ನನ್ನ ಕೌಂಟರಿಗೆ ಬಂದಾಗ
ಅವಳ ಕೈಯಲ್ಲಿದ್ದದ್ದು ಆ ಲಕೋಟೆಯೇ.

ಲಾಭ: ಮೂರು ತ್ರೈಮಾಸಿಕ, ಬಿಡದೆ.
ಬೆಲೆ: ಎಲ್ಲರಿಗಿಂತ ಮುಂದೆ.
ಎಳೆ ತಪ್ಪಿರಲಿಲ್ಲ. ನಾನೂ ನೋಡಿದೆ.

"ಒಂದನ್ನು ಬಿಟ್ಟರೆ ಏನಾಯಿತು ಅಜ್ಜಿ," ಅಂದೆ.
"ಇವತ್ತು ಇದನ್ನು ಬಿಟ್ಟರೆ
ನಾಳೆ ಹೆಸರು ಚೆನ್ನಾಗಿದೆಯೆಂದು ಇನ್ನೊಂದು ಕೊಳ್ಳುತ್ತೇನೆ.
ಗಿರಣಿಯಲ್ಲಿ ನನ್ನ ತಂಗಿ ನೇಯ್ದ ಥಾನನ್ನೂ ವಾಪಸು ಕಳಿಸಿದವಳು ನಾನು.
ಎರಡು ವರ್ಷ ಮಾತಾಡಲಿಲ್ಲ ಅವಳು."
ಲೋಟದಲ್ಲಿ ಐಸು ಕುಸಿದ ಸದ್ದು.
"ಬರೆ. ಇನ್ನೂರು."

ಬರೆದೆ. ಅಷ್ಟರಲ್ಲಿ ಬೋರ್ಡು ನೇರಳೆ.
ನಮ್ಮ ಮುಂದೆ ನಲವತ್ತು ಲಕ್ಷ ಷೇರುಗಳ ಸಾಲು.
ಎರಡೂಮುಕ್ಕಾಲರವರೆಗೆ ಕುಳಿತಳು, ಊಟಕ್ಕೂ ಏಳದೆ,
ಮಡಿಲಲ್ಲಿ ಪುಸ್ತಕ, ಪುಸ್ತಕದ ಮೇಲೆ ಅಂಗೈ.
ಒಂದೂ ಸಿಗಲಿಲ್ಲ.

ಸಿಗಲಿಲ್ಲವೆಂಬ ಸಿಟ್ಟೋ,
ಕೇಳಿದೆನಲ್ಲ ಎಂಬ ನಾಚಿಕೆಯೋ,
ಆ ಮುಖದ ಬಣ್ಣ ನನ್ನ ಬೋರ್ಡಿನಲ್ಲಿಲ್ಲ.

ಬಾಗಿಲಲ್ಲಿ ತಿರುಗಿ ಕೇಳಿದಳು,
"ನಾಳೆ ಎಷ್ಟು ಗಂಟೆಗೆ ತೆರೆಯುತ್ತೀರಿ?"
ಹನ್ನೊಂದು ವರ್ಷದಿಂದ ಗೊತ್ತಿದ್ದುದನ್ನು.