ಟಿಪ್ಪಣಿ ಹದಿನೇಳು

ಅಟ್ಲಾಸ್ ಬೆಟ್ಟದ ಈಚೆ, ಹೊಳೆ ಬತ್ತಿದ ತಿರುವಿನಲ್ಲಿ
ತಘ್ಲಿಸ್ತ್ ಎಂಬ ಊರು.
ಊರೆಂದರೆ ಒಂದೇ ಕೋಟೆ, ಕೋಟೆಯೆಂದರೆ ಬರೀ ಮಣ್ಣು.
ಅರವತ್ತೆರಡು ಮನೆ ಒಂದಕ್ಕೊಂದು ಬೆನ್ನು ಕೊಟ್ಟು ಕೂತಿವೆ
ಚಳಿಗೆ ಕುರಿಗಳು ಕೂತ ಹಾಗೆ.
ನಾನು ಹೋದದ್ದು ಮೆಕ್ನೆಸ್‌ನಿಂದ, ಅಳತೆಪಟ್ಟಿ ಹಿಡಿದು.
ಏಳು ವಾರ ಅಳೆದೆ. ಗೋಡೆ, ಬಾಗಿಲು, ಮೆಟ್ಟಿಲು,
ಕಣಜದ ತೊಲೆ, ತೊಲೆಯ ಬಿರುಕು.
ಯಾರ ಮನೆಯಲ್ಲೂ ಕೂತು ಚಹಾ ಕುಡಿಯಲಿಲ್ಲ;
ಕೂತರೆ ಕೆಲಸ ಕೆಡುತ್ತದೆಂದು ಹೇಳಿ ಕಳಿಸಿದ್ದರು.

ನಕ್ಷೆ ಚೆನ್ನಾಗಿಯೇ ಬಂತು.
ಹಸಿರು: ಉಳಿಸಬೇಕಾದ್ದು. ಕೆಂಪು: ಕೆಡವಬೇಕಾದ್ದು.
ಬಿಳಿ: ಖಾಲಿ.

ಆಮೇಲೆ ಹೊಸ ಸುತ್ತೋಲೆ ಬಂತು:
ಊರವರನ್ನೂ ಕೇಳತಕ್ಕದ್ದು.
ಕೇಳಲು ಹೋದೆವು.
ಕಣಜದ ಅಂಗಳದಲ್ಲಿ ಚಾಪೆ ಹಾಸಿ, ಚಾಪೆಯ ಮೇಲೆ ನಕ್ಷೆ ಹಾಸಿ,
ಗಾಳಿಗೆ ಹಾರದಿರಲೆಂದು ನಾಲ್ಕು ಮೂಲೆಗೆ
ನಾಲ್ಕು ಚಹಾ ಲೋಟ ಇಟ್ಟರು.
ಬಹಳ ಹೊತ್ತು ಯಾರೂ ತುಟಿ ಬಿಚ್ಚಲಿಲ್ಲ.
ಗೋಡೆಗೂ ಕಿವಿಯಿರುತ್ತದೆ ಅನ್ನುತ್ತಾರಲ್ಲ,
ಆ ಊರಿನ ಗೋಡೆಗೆ ಕಿವಿ ಬಂದು ನಾನೂರು ವರ್ಷ;
ಬಾಯಿ ಬಂದದ್ದು ಅವತ್ತು.

ಮೊದಲು ಎದ್ದವಳು ತೂದಾ.
ಹೆಂಗಸರ ಸಾಲಿನಿಂದ ಬಂದಳು, ಬೆರಳಲ್ಲಿ ಇನ್ನೂ ಹಿಟ್ಟು.
"ಇಲ್ಲಿ ಯಾಕೆ ಬಿಳಿ?"
ಖಾಲಿ ಜಾಗ, ಎಂದೆ.
"ಖಾಲಿಯಾ?
ಇಲ್ಲಿ ಉಣ್ಣೆ ಒಣಗಿಸುತ್ತೇವೆ. ಇಲ್ಲಿ, ಮದುವೆಯ ರಾತ್ರಿ ಕುಣಿಯುತ್ತೇವೆ.
ನನ್ನ ಸೊಸೆಗೆ ನೋವು ಬಂದಾಗ ಆಸ್ಪತ್ರೆಯ ಗಾಡಿ
ಬಂದು ನಿಂತದ್ದು ಇಗೋ ಇಲ್ಲಿ. ಮುಂದಕ್ಕೆ ದಾರಿಯಿಲ್ಲ."
ಬೆರಳೂರಿದಲ್ಲೆಲ್ಲ ಹಿಟ್ಟಿನ ಚುಕ್ಕೆ.
ಬಿಳಿಯ ಮೇಲೆ ಬಿಳಿ. ಆದರೂ ಕಾಣುತ್ತಿತ್ತು.

ಆಮೇಲೆ ತಡೆಯುವವರಿಲ್ಲ.
ಮಳೆನೀರು ನುಗ್ಗುವ ಕಡೆಗೆಲ್ಲ ಅದ್ದಿ ಖರ್ಜೂರದ ಬೀಜ ಇಟ್ಟ:
ಇಲ್ಲಿ, ಇಲ್ಲಿ, ನಿಮ್ಮ ಹಸಿರು ಗೋಡೆಯ ಬುಡದಲ್ಲೇ.
ಒಬ್ಬ ಸಿಮೆಂಟು ಬೇಕೆಂದ.
ಮಣ್ಣಿಗೆ ಸಿಮೆಂಟು ಬಳಿಯುವುದೆಂದರೆ
ಬೆವರುವವನ ಮೈಗೆ ಪ್ಲಾಸ್ಟಿಕ್ಕು ಸುತ್ತಿದ ಹಾಗೆ, ಎಂದ ಅವನ ಭಾವ.
"ಹಾಗಾದರೆ ವರ್ಷಾ ವರ್ಷಾ ಮಣ್ಣು ಕಲಸುವ ಕೂಲಿ ನೀನು ಕೊಡುತ್ತೀಯಾ?"
ಸಂಜೆಯ ತನಕ ಇಬ್ಬರೂ ಮುಖ ಮುಖ ನೋಡಲಿಲ್ಲ.
ಕಕ್ಕಸು ಎಲ್ಲಿ ಎಂದು ಒಬ್ಬ ಹುಡುಗಿ ಕೇಳಿದಳು.
ನಕ್ಷೆಯಲ್ಲಿ ನಾಲ್ಕು ಇದ್ದವು. ನಾಲ್ಕೂ
ಪ್ರವಾಸಿಗಳು ಬಸ್ಸಿಳಿಯುವ ಕಡೆ.

ಕೊನೆಗೆ ಬಾಸ್ಸು. ಕತ್ತೆಗೆ ಲಾಳ ಹೊಡೆಯುವವನು,
ಹೆಚ್ಚು ಮಾತಿನವನಲ್ಲ.
"ಹೊರಗೋಡೆಗೆ ಕಿಟಕಿ ಇಡಬಾರದು ಅಂತ ನಿಯಮ ಇದೆಯಂತೆ."
ಹೌದು, ಎಂದೆ. ಕೋಟೆಗೆ ಕಿಟಕಿ ಇರಲಿಲ್ಲ.
"ಕಳ್ಳರ ಭಯಕ್ಕೆ ಇಡಲಿಲ್ಲ. ಕಳ್ಳರು ಸತ್ತು ಮಣ್ಣಾದರು.
ನನ್ನ ಹೆಂಡತಿ ಮಲಗಿದಲ್ಲೇ ಇದ್ದಾಳೆ, ಎರಡು ವರ್ಷ.
ಹೊತ್ತು ಹುಟ್ಟಿತಾ ಎಂದು ನನ್ನನ್ನು ಕೇಳುತ್ತಾಳೆ."
ಅಷ್ಟು ಹೇಳಿ ತನ್ನ ಮೂಲೆಯ ಲೋಟ ಎತ್ತಿ ಕುಡಿದ;
ನಕ್ಷೆಯ ಆ ಮೂಲೆ ಮೇಲೆದ್ದು ಪಟಪಟ ಬಡಿದುಕೊಂಡಿತು.

ಕಚೇರಿಗೆ ಬರೆದೆವು.
ಉತ್ತರಕ್ಕಿಂತ ಮೊದಲು ಚಳಿಗಾಲ ಬಂತು.

ಮರುಅಳತೆಗೆ ಹೋದಾಗ ಅವರ ಮನೆಯಲ್ಲಿ ಕೂತೆ, ಚಹಾ ಕುಡಿದೆ.
ಅವಳ ಹೆಸರು ಇಜ್ಜಾ. ಮೊಣಕೈ ಊರಿ, ಕಷ್ಟಪಟ್ಟು ತಿರುಗಿ,
ನೋಡು ತಂಗಿ, ಎಂದಳು.
ಒಂದು ಮೊಳ ಅಗಲ, ಒಂದೂವರೆ ಮೊಳ ಎತ್ತರ.
ಅಂಚಿಗೆ ಮೆತ್ತಿದ ಮಣ್ಣು ಇನ್ನೂ ಹಸಿ,
ಅದರಲ್ಲಿ ಅವನ ಐದು ಬೆರಳು.
ಆಚೆ ಒಂದು ಬಾದಾಮಿ ಮರ, ಹೊಳೆಯ ಕಲ್ಲು, ಒಂದು ಕತ್ತೆ.
"ಅದ್ದಿಯ ಕತ್ತೆ. ನಿನ್ನೆಯೂ ಬಂದಿತ್ತು."

ಪಟ್ಟಿ ಹಿಡಿದೆ, ಅಳತೆ ಬರೆದೆ.
ಯಾವ ಕಾಲದ್ದು ಎಂಬ ಕಾಲಮ್ಮಿನ ಮುಂದೆ
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಬಾಸ್ಸು ಬೇರೆಲ್ಲೋ ನೋಡುತ್ತಿದ್ದ.

ಟಿಪ್ಪಣಿ ಹದಿನೇಳು. ಮನೆ ನಲವತ್ತೊಂದು, ಪೂರ್ವದ ಗೋಡೆ:
ಕಿಟಕಿ, ಒಂದು. ಮೊದಲಿನಿಂದಲೂ ಇದ್ದದ್ದು.