ತೊಂಬತ್ತನಾಲ್ಕನೇ ಮೆಟ್ಟಿಲು

ವಾಲ್ಪಾರೈಸೊದ ಈ ಗುಡ್ಡಕ್ಕೆ ನೂರ ಅರವತ್ತೊಂದು ಮೆಟ್ಟಿಲು.
ತಂತಿಗಾಡಿ ಕೆಟ್ಟು ನಿಂತು ನಾಲ್ಕು ವರ್ಷ.
ನನ್ನ ಚೀಲದಲ್ಲಿ ರೆಕಾರ್ಡರ್, ಎರಡು ಬ್ಯಾಟರಿ,
ಆಸ್ಪತ್ರೆ ಕೊಟ್ಟ ಹನ್ನೆರಡು ಪ್ರಶ್ನೆ.

ಬಾಗಿಲು ತೆರೆದ ಎಲೆಯುತೇರಿಯೊ. ಬಂದರಿನಲ್ಲಿ
ಮೂವತ್ತು ವರ್ಷ ಕ್ರೇನ್ ನಡೆಸಿದ ಕೈ,
ಈಗ ಚಹಾ ಲೋಟಕ್ಕೂ ಸಣ್ಣಗೆ ನಡುಗುತ್ತದೆ.
ಫೈಲು ಹೇಳುವುದು ಇಷ್ಟೇ:
ಹೃದಯದ ಕಸುವು ನೂರಕ್ಕೆ ಇಪ್ಪತ್ತೆಂಟು.
ಮಾತ್ರೆ ತಪ್ಪಿಸುತ್ತಾನೆ. ಹೇಳಿದ್ದು ಕೇಳುವುದಿಲ್ಲ.

"ಎರಡು ಮಹಡಿ ನಿಲ್ಲದೆ ಹತ್ತಬಲ್ಲಿರಾ?"
ಮೊದಲ ಪ್ರಶ್ನೆಗೇ ನಕ್ಕುಬಿಟ್ಟ.
ಹಾಳೆ ಮಡಿಚಿಟ್ಟೆ.
"ನಿನ್ನೆ ಏನೇನು ಮಾಡಿದಿರಿ, ಹೇಳಿ."

ನಿನ್ನೆ ಶುಕ್ರವಾರ. ಬಂದರಿನ ಹಳಬರ ಡಾಮಿನೊ.
"ನೀರಿನ ಮಾತ್ರೆ ನುಂಗಿದರೆ ಗಳಿಗೆಗೊಮ್ಮೆ ಓಡಬೇಕು.
ಅಲ್ಲಿರುವುದು ಒಂದೇ ಕಕ್ಕಸು, ಅದಕ್ಕೂ ಬೀಗ,
ಬೀಗದ ಕೈ ನನ್ನ ಕೈಕೆಳಗೆ ದುಡಿದ ಹುಡುಗನ ಹತ್ತಿರ.
ಅವನ ಮುಂದೆ ಐದೈದು ಸಲ ಕೈಚಾಚಲೇ?
ಡಾಕ್ಟರು ಮಾತ್ರೆಯ ಬಗ್ಗೆ ಕೇಳಿದರು.
ಶುಕ್ರವಾರದ ಬಗ್ಗೆ ಯಾರು ಕೇಳಿದರು?"

ಆಮೇಲೆ ಕುರ್ಚಿಯ ಮಾತು ಬಂತು.
ಆಸ್ಪತ್ರೆಯಿಂದ ಮರಳಿದ ವಾರ
ತೊಂಬತ್ತನಾಲ್ಕನೇ ಮೆಟ್ಟಿಲ ಪಕ್ಕ ಯಾರೋ ಇಟ್ಟಿದ್ದರು,
ಅಡುಗೆಮನೆಯ ಹಳದಿ ಕುರ್ಚಿ, ಒಂದು ಕಾಲಿಗೆ ತಂತಿ ಬಿಗಿದದ್ದು.
ಎರ್ಮಿಂದಾಳದೆಂದು ಇಡೀ ಗುಡ್ಡಕ್ಕೆ ಗೊತ್ತು.
ಅವಳು ಹೇಳಿಲ್ಲ, ಇವನು ಕೇಳಿಲ್ಲ.
ಮಳೆ ಬಂದರೆ ಕುರ್ಚಿ ಒಳಗೆ, ಬಿಟ್ಟರೆ ಹೊರಗೆ.
"ಕೂತರೆ ಸೋತೆನೆಂದು ಒಪ್ಪಿದ ಹಾಗೆ.
ಹನ್ನೊಂದು ದಿನ ಅದರ ಪಕ್ಕ ನಿಂತೇ ಏದುಸಿರು ಬಿಟ್ಟೆ.
ಹನ್ನೆರಡನೇ ದಿನ..."

ರಾತ್ರಿ ಕೇಳಿ ಕೇಳಿ ಬರೆದುಕೊಳ್ಳುತ್ತೇನೆ.
ಅಲ್ಲಿಂದಾಚೆ ಒಂಬತ್ತು ಸೆಕೆಂಡು ಮಾತಿಲ್ಲ:
ನಾಯಿ, ದೂರದ ಹಡಗು, ಲೋಟ ಕೆಳಗಿಟ್ಟ ಸದ್ದು.
ನಿಯಮದಂತೆ ಕಂಸದೊಳಗೆ 'ಮೌನ' ಎಂದು ಹಾಕಬೇಕು.
ಹಾಕಿದೆ.

ಸೋಮವಾರ ಮಾತುಗಳಿಗೆಲ್ಲ ಬಣ್ಣದ ಚೀಟಿ:
ಭಯಕ್ಕೆ ನೀಲಿ, ಔಷಧಿಗೆ ಹಸಿರು, ಕುಟುಂಬಕ್ಕೆ ಕೆಂಪು.
"ಈ ಕುರ್ಚಿ ಯಾವುದರ ಕೆಳಗೆ?" ಡಾಕ್ಟರ್ ಫ್ವೆನ್ಸಾಲಿದಾ ಕೇಳಿದರು.
"ಆಕೆ ಇವನಿಗೆ ಏನಾಗಬೇಕು?"
ಏನೂ ಆಗಬೇಕಿಲ್ಲ, ಅಂದೆ.

ಶುಕ್ರವಾರದ ಮಾತ್ರೆ ಸಂಜೆ ನಾಲ್ಕಕ್ಕೆ ಸರಿಯಿತು.
ಅಷ್ಟಾಯಿತು.
ಕುರ್ಚಿಯ ಚೀಟಿ ಇನ್ನೂ ಬಿಳಿ, ಮೇಜಿನ ಅಂಚಿನಲ್ಲಿ.

ಮೊನ್ನೆ ಮತ್ತೆ ಹತ್ತಿದೆ. ನನಗಿನ್ನೂ ಮೂವತ್ತೆಂಟು,
ಎದೆ ಗಟ್ಟಿಯಾಗಿದೆ. ಆದರೂ ಕೂತೆ.
ಕುರ್ಚಿ ಕಿರ್ರೆಂದಿತು. ಎದುರು ಕಿಟಕಿಯ ಪರದೆ
ಒಂದು ಬೆರಳಷ್ಟು ಸರಿದು, ನೋಡಿ,
ಮತ್ತೆ ಮುಚ್ಚಿಕೊಂಡಿತು.