ಸುತ್ತು ಹಾಕಿದ ಹೆಸರು

ದಾವಣಗೆರೆಯ ಮಂಡಕ್ಕಿ ಭಟ್ಟಿ ಸಾಲಿನಲ್ಲಿ ಏಳನೆಯದು.
ಕಾದ ಮರಳಲ್ಲಿ ಅಕ್ಕಿ ಅರಳುವ ಸದ್ದಿನ ನಡುವೆ
ತಕ್ಕಡಿ ಪಕ್ಕ, ಮಗುಚಿಟ್ಟ ಡಬ್ಬದ ಮೇಲೆ ಕೂತು
ಖೈರುನ್ನಿಸಾ ಫೋನಿನಲ್ಲಿ ಬೆರಳಾಡಿಸುತ್ತಾಳೆ.
ಗಾಜಿನ ಮೇಲೆ ಕೂತ ಮಸಿ ಸೆರಗಿಗೆ ಒರೆಸಿ, ಮತ್ತೆ.

ಆಟವಾಡುತ್ತಾಳೆ ಅಂದುಕೊಂಡಿದ್ದೆ, ನಾನು ಲಗೇಜ್ ಆಟೋದವನು.
ಒಂದು ಚೌಕ ಎಳೆದು ತಂದಳು, ಹೆಸರಿಟ್ಟಳು: ಚೀಲ.
ಇನ್ನೊಂದು: ಗಿರಾಕಿ. ಮತ್ತೊಂದು: ಬಾಕಿ.
ನಡುವೆ ಗೆರೆ, ಚೀಲದ ಬಾಯಿ ಹೊಲಿದ ಹಾಗೆ.
ಕೋಡಿಂಗ್ ಯಾವಾಗ ಕಲಿತೆ ಅಂತ ಕೇಳಿದರೆ
"ಅದೆಲ್ಲ ಬೇಡವಂತೆ ತಿಪ್ಪೇಶಣ್ಣ, ಒಂದು 'ರೆ' ಸಾಕು."
ಬಂದರೆ, ಬರದಿದ್ದರೆ.
ಕೊಟ್ಟರೆ ಹಸಿರು, ಕೊಡದಿದ್ದರೆ ಕೆಂಪು.
ಐವತ್ತು ಚೀಲ ದಾಟಿದರೆ ನನ್ನ ಫೋನಿಗೊಂದು ಟಿಣ್.

ನಮ್ಮವ್ವ ದಿನವಿಡೀ ಆಡುತ್ತಿದ್ದುದೂ ಇದೇ ಮಾತು:
ಹಾಲು ಉಕ್ಕಿದರೆ ಒಲೆ ಆರಿಸು,
ಕತ್ತಲಾದರೆ ಕೋಳಿ ಮುಚ್ಚು,
ನಾನು ಬರದಿದ್ದರೆ ಉಂಡು ಮಲಗು.
ಅದಕ್ಕೆ ಯಾರೂ ಸಂಬಳ ಕೊಟ್ಟಿರಲಿಲ್ಲ.

ಶುಕ್ರವಾರ ಭಟ್ಟಿ ಆರಿತ್ತು. ಹಳೆ ಖಾತೆ ಬುಕ್ಕು ಬಿಚ್ಚಿ
ನಾನು ಓದುವುದು, ಅವಳು ತುಂಬುವುದು.
ಅವಳ ಮಾವನ ಕೈಬರಹ:
ಹೆಸರು ಕನ್ನಡ, ಅಂಕಿ ಕನ್ನಡ, ಬೈಗುಳ ಮಾತ್ರ ಉರ್ದು.
ಅಲ್ಲಿಗೆ ಬಂದಾಗ ಬುಕ್ಕು ಕಿತ್ತುಕೊಂಡು ಒಬ್ಬಳೇ ನಗುತ್ತಾಳೆ.

ಜಗಳೂರಿನ ಓಬಕ್ಕ,
ಸಂತೆಯಲ್ಲಿ ಒಗ್ಗರಣೆ ಮಂಡಕ್ಕಿ ಮಾರುವಾಕೆ. ಹನ್ನೊಂದು ಚೀಲ.
ಬಾಕಿಯ ಮನೆಯಲ್ಲಿ ಅಂಕಿ ಇಲ್ಲ,
ಪೆನ್ಸಿಲಿನ ಒಂದು ಸುತ್ತು.
"ಅದು, ಕೇಳಬೇಡ ಅಂತ.
ಮಾವ ಹೇಳಿದ್ದು ಅಷ್ಟೇ. ಯಾಕೆ ಅನ್ನೋದರೊಳಗೆ ಹೋಗಿಬಿಟ್ಟರು."

ಆಪು ಕೇಳಿತು: ಅಂಕಿಯೋ, ದಿನಾಂಕವೋ,
ಹೌದು-ಅಲ್ಲವೋ? ಆಯ್ಕೆ ಮಾಡಿ.
ಪಕ್ಕದಲ್ಲಿ ಕೆಂಪು ಚುಕ್ಕಿ: ಖಾಲಿ ಬಿಡುವಂತಿಲ್ಲ.
ಕೇಳಬೇಡ ಅನ್ನುವ ಚೌಕ
ಎಳೆದು ತರಲು ಯಾವ ಮೂಲೆಯಲ್ಲೂ ಇರಲಿಲ್ಲ.
ಹುಡುಕಿದಳು, ಚಾ ಆರಿತು, ಮತ್ತೆ ಹುಡುಕಿದಳು.

ಕೊನೆಗೆ ಸುತ್ತನ್ನು ಸುತ್ತಾಗಿಯೇ ಒತ್ತಿದಳು.
ಅದು ಸೊನ್ನೆ ಅಂದುಕೊಂಡಿತು.
ಹನ್ನೊಂದು ಚೀಲದ ಎದುರು ಬಾಕಿ ೦.
ಓಬಕ್ಕ ಹಸಿರಾದಳು.

ಲೆಕ್ಕ ತಪ್ಪಲ್ಲವಾ, ಅಂದೆ.
ಪುಟ ತಿರುವಿದಳು. "ಮುಂದಿನದು ಓದಣ್ಣ."

ಮುಂದಿನದು ನನ್ನದೇ ಹೆಸರು,
ಮೂರು ವರ್ಷದ ಹಿಂದಿನ ಡೀಸೆಲ್ ಸಾಲ.
ಸುತ್ತು ಎಲ್ಲಾದರೂ ಇದೆಯೇ ಅಂತ ಬೆಳಕಿಗೆ ಹಿಡಿದು ನೋಡಿದೆ.
ಅಂಕಿಯೇ ಇತ್ತು.
ಗಟ್ಟಿಯಾಗಿ ಓದಿದೆ.